ಶನಿವಾರ ಸುಮ್ಮನಿದ್ದ ಪೆಟ್ಟಿಗೆ

ನನ್ನ ಹೆಂಡತಿ ಸಾಕಮ್ಮನ ಗಂಟಲಿನ ಬಗ್ಗೆ ನಾನು ಯಾವಾಗಲೂ ಸ್ವಲ್ಪ ಕಡಿಮೆ ಮಾಡಿಯೇ ಹೇಳುತ್ತೇನೆ. ಪೂರ್ತಿ ಹೇಳಿದರೆ ಜನ ನಂಬುವುದಿಲ್ಲ. ಗಾವಡಗೆರೆ ಪಕ್ಕದ ನಮ್ಮ ಹೊಲದ ಬದುವಿನ ಮೇಲೆ ನಿಂತು ಅವಳು ಒಮ್ಮೆ "ಏಯ್" ಅಂದರೆ, ಪಿರಿಯಾಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಲು ಕಾಲೆತ್ತಿದವರು ಹಾಗೇ ಕಾಲಿಳಿಸಿ ಹಿಂತಿರುಗಿ ನೋಡುತ್ತಾರೆ. ಹುಣಸೂರಿನ ಸಂತೆಯಲ್ಲಿ ಒಮ್ಮೆ ಅವಳು ಬದನೆಕಾಯಿ ಬೆಲೆ ಕೇಳಿದ ರಭಸಕ್ಕೆ ತಕ್ಕಡಿಯ ಮುಳ್ಳು ನಡುಗಿ, ವ್ಯಾಪಾರಿ ಎರಡು ಹಿಡಿ ಹೆಚ್ಚಿಗೇ ಹಾಕಿ ಕೈಮುಗಿದ. ಇಂಥ ಗಂಟಲನ್ನು ದೇವರು ಯಾರಿಗೂ ಸುಮ್ಮನೆ ಕೊಡುವುದಿಲ್ಲ. ನಮ್ಮೂರಿಗೆ ಕೋತಿಗಳನ್ನು ಕೊಟ್ಟಿದ್ದನಲ್ಲ, ಆ ತಪ್ಪಿಗೆ ಪರಿಹಾರವಾಗಿ ಕೊಟ್ಟದ್ದು.

ನಮ್ಮೂರಿನ ಕೋತಿಗಳು ಬೇರೆ ಊರಿನ ಕೋತಿಗಳಂತಲ್ಲ. ಮುಸುಕಿನ ಜೋಳ ಹಾಲುಗಟ್ಟಿದೆಯೋ ಇಲ್ಲವೋ ಎಂದು ನಮಗಿಂತ ಮೊದಲು ಅವಕ್ಕೆ ಗೊತ್ತು. ತೆನೆ ಮುರಿಯುತ್ತವೆ, ಸಿಪ್ಪೆ ಸುಲಿಯುತ್ತವೆ, ಒಂದು ಸಾಲು ಕಾಳು ತಿಂದು, ರುಚಿ ಸಾಲದೆಂದು ಮುಖ ಸಿಂಡರಿಸಿ ಎಸೆದು ಇನ್ನೊಂದಕ್ಕೆ ಕೈಹಾಕುತ್ತವೆ. ಅವುಗಳ ಯಜಮಾನ ಒಂದು ಹರಕು ಕಿವಿಯ ಗಡವ. ನಾವು ಅವನನ್ನು ಹರಕಿವಿ ಎಂದೇ ಕರೆಯುವುದು. ಅವನು ಹೆದರುವುದು ಭೂಮಿಯ ಮೇಲೆ ಒಬ್ಬಳಿಗೆ ಮಾತ್ರ. ಹಾಗಾಗಿ ಜೋಳ ಹಾಲುಗಟ್ಟಿದ ದಿನದಿಂದ ಕಟಾವಿನ ತನಕ ಸಾಕಮ್ಮ ಬೆಳಗ್ಗೆಯಿಂದ ಸಂಜೆವರೆಗೆ ಬದುವಿನ ಮೇಲೆ.

ಈ ವರ್ಷ ಜೋಳ ಹಾಲುಗಟ್ಟುವುದೂ ನಮ್ಮ ಮಗಳು ಭಾಗ್ಯಳಿಗೆ ದಿನ ತುಂಬುವುದೂ ಒಟ್ಟಿಗೇ ಬರುವ ಹಾಗಾಯಿತು. ಭಾಗ್ಯಳನ್ನು ಎಚ್.ಡಿ. ಕೋಟೆ ತಾಲ್ಲೂಕಿನ ಎನ್. ಬೇಗೂರಿಗೆ ಕೊಟ್ಟಿದ್ದೇವೆ. ಮೊದಲನೆಯ ಹೆರಿಗೆ ನಮ್ಮ ಮನೆಯಲ್ಲಿ ಆಯಿತು. ಇದು ಎರಡನೆಯದು, ದೊಡ್ಡ ಮಗುವನ್ನೂ ದನಕರುವನ್ನೂ ಬಿಟ್ಟು ಅವಳು ಬರುವಂತಿಲ್ಲ. ಅತ್ತೆ ಇಲ್ಲದ ಮನೆ. ಬಾಣಂತನಕ್ಕೆ ಸಾಕಮ್ಮನೇ ಹೋಗಬೇಕು, ಅದೂ ಎರಡು ತಿಂಗಳು.

"ಅದ್ಕ್ಯಾಕೆ ಯೋಚ್ನೆ?" ಅಂದೆ ನಾನು ಎದೆ ತಟ್ಟಿಕೊಂಡು. "ಒಲ ನಾನ್ ಕಾಯ್ತೀನಿ. ನೀನ್ ಓಗು."

"ನೀವಾ?" ಸಾಕಮ್ಮ ಹಿಟ್ಟಿನ ಕೋಲನ್ನು ಪಾತ್ರೆಯಲ್ಲೇ ನಿಲ್ಲಿಸಿದಳು. "ಓದ್ ವರ್ಸ ನಮ್ ತಂಗಿ ಮನೆ ಮದ್ವೆಗೆ ಅಂತ ಓಗಿ ಬರೋದ್ರಲ್ಲಿ ಒಲದಾಗೆ ಬರೀ ದಂಟು ನಿಂತಿತ್ತು. ನೀವು ಹೊಂಗೆ ಮರದ ಕೆಳಗೆ ಮಲಗಿದ್ರಿ. ಕ್ವಾತಿಗಳು ತಿಂದ ಸಿಪ್ಪೆ ಎಲ್ಲಾನೂ ನಿಮ್ ಮೇಲೇ ಒದ್ಸಿದ್ವು."

"ಚಳಿ ಇತ್ತು ಕಣೇ. ಎಷ್ಟ್ ಕರುಣೆ ನೋಡು ಅವ್ಕೆ."

"ನಾ ಓಗಾಕಿಲ್ಲ," ಅಂದಳು. ಅಂದವಳೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಲೆಯ ಹೊಗೆಗೆ ಎಂದು ನಾನು ಸಮಾಧಾನ ಮಾಡಿಕೊಳ್ಳಬಹುದಿತ್ತು, ಆದರೆ ನಮ್ಮದು ಗ್ಯಾಸಿನ ಒಲೆ.

ಇಂಥ ಹೊತ್ತಿಗೆ ಬಂದಳು ಸೌಂದರ್ಯ. ನನ್ನ ತಂಗಿಯ ಮಗಳು. ಕೆ.ಆರ್. ನಗರದ ಆಚೆಯ ಚುಂಚನಕಟ್ಟೆಯವಳು. ಮೈಸೂರಿನಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಾಳೆ. ಅವಳ ಬುದ್ಧಿ ನಮ್ಮ ಕಡೆಯಿಂದ ಬಂದದ್ದು, ಅದನ್ನು ಬೇರೆ ಹೇಳಬೇಕಿಲ್ಲ. ಬ್ಯಾಗಿನಿಂದ ಒಂದು ಕ್ಯಾಮೆರಾ, ಒಂದು ಚಿಕ್ಕ ಪೆಟ್ಟಿಗೆ, ತರಕಾರಿ ಆಟೋದ ಮೇಲೆ ಇರುವಂಥ ಒಂದು ಹಾರ್ನು ತೆಗೆದು ಜಗಲಿಯ ಮೇಲೆ ಇಟ್ಟಳು.

"ಅತ್ತೆ, ನಿಮ್ಮ ಬದಲು ಹೊಲ ಕಾಯೋ ಪೆಟ್ಟಿಗೆ ಮಾಡ್ತೀನಿ. ನನ್ನ ಪ್ರಾಜೆಕ್ಟೂ ಆಗುತ್ತೆ, ನೀವು ಭಾಗ್ಯಕ್ಕನ ಹತ್ರ ಹೋದಂಗೂ ಆಗುತ್ತೆ. ಇದಕ್ಕೆ ಡೀಪ್ ಲರ್ನಿಂಗ್ ಅಂತಾರೆ."

"ಡೀಪು ಅಂದ್ರೆ ಎಷ್ಟ್ ಅಡಿ?" ಅಂತ ಕೇಳಿದೆ. ಆಳದ ವಿಷಯ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಬೋರ್‌ವೆಲ್ ಕೊರೆಸಿದಾಗ ಕೊನೆಕೊನೆಗೆ ಪೈಪಿನಲ್ಲಿ ಭೂಮಿಯ ಆ ಕಡೆಯವರು ಮಾತಾಡುವುದು ಕೇಳಿಸುತ್ತಿತ್ತು.

"ಅಡಿ ಅಲ್ಲ ಮಾವ, ಪದರ. ಒಂದರ ಮೇಲೊಂದು ಪದರ."

ಅಷ್ಟರಲ್ಲಿ ಪಕ್ಕದ ಹೊಲದ ಚನ್ನಬಸವಣ್ಣ ಬಂದ. ನಮ್ಮ ಮನೆಯಲ್ಲಿ ಯಾವುದಾದರೂ ಹೊಸ ವಸ್ತು ಬ್ಯಾಗಿನಿಂದ ಹೊರಗೆ ಬಂದರೆ ಅವನ ಮೂಗಿಗೆ ತಿಳಿಯುತ್ತದೆ. ಪೆಟ್ಟಿಗೆಯನ್ನು ಬೆರಳಿನಿಂದ ತಟ್ಟಿ, "ಇದ್ಕೆ ಕ್ವಾತಿ ಯಾವುದು ಕರ ಯಾವುದು ಅಂತ ಎಂಗ್ ಗೊತ್ತಾಯ್ತದವ್ವ? ಬಾಲ ಇಷ್ಟುದ್ದ, ಮೂತಿ ಇಂಗೆ ಅಂತ ಬರ್ಕೊಡ್ತೀಯಾ?" ಅಂದ.

"ಇಲ್ಲ ಚಿಕ್ಕಪ್ಪ. ಏನೂ ಬರೆದುಕೊಡಲ್ಲ. ಸಾವಿರಾರು ಫೋಟೋ ತೋರಿಸೋದು, ಇದನ್ನ ಓಡಿಸು, ಇದನ್ನ ಬಿಡು ಅಂತ ಹೇಳೋದು. ಗುರುತು ಏನು ಅನ್ನೋದನ್ನ ಅದೇ ಕಂಡುಕೊಳ್ಳುತ್ತೆ. ಮೊದಲನೇ ಪದರಕ್ಕೆ ಬರೀ ಗೆರೆ ಕಾಣುತ್ತೆ. ಮುಂದಿನದಕ್ಕೆ ಗೆರೆ ಸೇರಿಸಿ ಡೊಂಕು, ಆಮೇಲೆ ಬಾಲ, ಕೈ, ಮುಖ. ಕೊನೇದು, ಕೋತಿ ಅನ್ನುತ್ತೆ."

ಚನ್ನಬಸವಣ್ಣನಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ಯಾಕೆಂದರೆ ನಮ್ಮೂರೇ ಹಾಗೆ ನಡೆಯುವುದು. ರಸ್ತೆಯಲ್ಲಿ ಯಾರೋ ಬರುತ್ತಿದ್ದಾರೆ ಅಂದುಕೊಳ್ಳಿ. ಮೋರಿಯ ಮೇಲೆ ಕೂತವರಿಗೆ ಕಾಣುವುದು ಇಷ್ಟೇ: ಏನೋ ಅಲುಗಾಡುತ್ತಿದೆ, ಕಪ್ಪಗಿದೆ, ಉದ್ದಗಿದೆ. ಅದನ್ನು ಅವರು ಟೀ ಅಂಗಡಿಗೆ ದಾಟಿಸುತ್ತಾರೆ. ಟೀ ಅಂಗಡಿಯವರು ಅದಕ್ಕೆ ಎರಡು ಕಾಲು, ಒಂದು ಛತ್ರಿ ಸೇರಿಸುತ್ತಾರೆ. ನಲ್ಲಿಯ ಹತ್ತಿರದ ಹೆಂಗಸರು ನಡಿಗೆ ನೋಡಿ, ಹೆಣ್ಣು, ಕಂಕುಳಲ್ಲಿ ಬ್ಯಾಗು, ಸಿಟ್ಟಿನಲ್ಲಿದ್ದಾಳೆ ಅನ್ನುತ್ತಾರೆ. ಇಷ್ಟೂ ಅರಳಿಕಟ್ಟೆಗೆ ಬಂದು ಮುಟ್ಟಿದಾಗ ಅಲ್ಲಿನ ಹಿರಿಯರು ಕಣ್ಣು ಮುಚ್ಚಿಕೊಂಡೇ, "ಸುನಂದಮ್ಮ. ತವರಲ್ಲಿ ಜಗಳ ಆಡ್ಕಂಡು ವಾಪಸ್ ಬಂದವ್ಳೆ" ಎಂದು ತೀರ್ಪು ಕೊಡುತ್ತಾರೆ. ಸುನಂದಮ್ಮನನ್ನು ಪೂರ್ತಿಯಾಗಿ ಯಾರೂ ನೋಡಿಲ್ಲ, ಆದರೆ ಊರಿಗೆ ಗೊತ್ತಾಗಿದೆ.

ತೀರ್ಪು ತಪ್ಪಿತು, ಬಂದವನು ಛತ್ರಿ ಹಿಡಿದ ಪೋಸ್ಟ್‌ಮನ್ ಅಂದುಕೊಳ್ಳಿ. ಕಟ್ಟೆಯವರಿಗೆ ಅವಮಾನ. ಅವರು ನಲ್ಲಿಯವರನ್ನು ಬೈಯುತ್ತಾರೆ, "ಯಾರ್ ನಡಿಗೆ ನೋಡುದ್ರವ್ವ ನೀವು?" ನಲ್ಲಿಯವರು ಟೀ ಅಂಗಡಿಗೆ ಬೈಯುತ್ತಾರೆ, ಟೀ ಅಂಗಡಿಯವರು ಮೋರಿಗೆ. ಬೈಗುಳ ಹಿಂದಕ್ಕೆ ಹೋಗುತ್ತ ಹೋಗುತ್ತ, ಯಾರ ಪಾಲಿನ ತಪ್ಪು ಎಷ್ಟೋ ಅಷ್ಟು ಅವರವರಿಗೆ ತಗಲುತ್ತದೆ. ಮಾರನೆಯ ದಿನ ಎಲ್ಲರೂ ಒಂದು ಚೂರು ಹುಷಾರಾಗಿ ನೋಡುತ್ತಾರೆ. ಹೀಗೆ ಸಾವಿರ ಜನ ಬಂದು, ಸಾವಿರ ಸಲ ಬೈಗುಳ ಹಿಂದಕ್ಕೆ ಹರಿದಮೇಲೆ ಈಗ ನಮ್ಮೂರು ಯಾವ ಮಟ್ಟಕ್ಕೆ ಬಂದಿದೆಯೆಂದರೆ, ಮೋರಿ ದಾಟುವ ಮೊದಲೇ ಬರುವವನು ಊಟ ಮಾಡಿದ್ದಾನೋ ಇಲ್ಲವೋ ಹೇಳಿಬಿಡುತ್ತದೆ.

ಇದನ್ನು ನಾನು ವಿವರಿಸಿದಾಗ ಸೌಂದರ್ಯ ಬಾಯಿ ತೆರೆದು ಕೂತಳು. "ಮಾವ, ಇದನ್ನೇ ನಮ್ಮ ಮೇಷ್ಟ್ರು ಒಂದು ಸೆಮಿಸ್ಟರ್ ಪೂರ್ತಿ ಹೇಳಿದ್ರು. ಯಾರಿಗೂ ತಲೆಗೆ ಹೋಗಲಿಲ್ಲ!"

"ನನ್ ಕರೀಬೇಕಿತ್ತು," ಅಂದೆ ವಿನಯದಿಂದ.

ಫೋನು ಮುಖ ನೋಡಿ ತೆರೆದುಕೊಳ್ಳುವುದು, ನಾವು ಮಾತಾಡಿದ್ದನ್ನು ಅದು ಅಕ್ಷರ ಮಾಡುವುದು, ಎಲೆಯ ಫೋಟೋ ನೋಡಿ ರೋಗ ಹೇಳುವುದು, ಎಕ್ಸ್‌ರೇಯಲ್ಲಿ ಡಾಕ್ಟರ ಕಣ್ಣಿಗೆ ತಪ್ಪಿಹೋಗಬಹುದಾದ ಚುಕ್ಕೆಯನ್ನು ತೋರಿಸುವುದು, ಎಲ್ಲದರ ಒಳಗೂ ಇದೇ ಪದರಗಳು, ಇದೇ ಬೈಗುಳ ಎಂದಳು ಸೌಂದರ್ಯ. "ಆದರೆ ಒಂದು ವಿಷಯ ಅತ್ತೆ. ನೀವು ಏನು ಕಲಿಸ್ತೀರೋ ಅದನ್ನೇ ಕಲಿಯುತ್ತೆ. ನೀವು ಮನಸ್ಸಲ್ಲಿ ಏನು ಅಂದುಕೊಂಡ್ರಿ ಅಂತ ಅದಕ್ಕೆ ತಿಳಿಯಲ್ಲ."

ಬೇಲಿಯ ಮೂಲೆಯಲ್ಲಿ ಒಂದು ಕಂಬ ನೆಟ್ಟು ಕ್ಯಾಮೆರಾ ಕೂರಿಸಿದಳು. ಅದರ ಕಣ್ಣಿಗೆ ಬೇಲಿ, ಜೋಳದ ಸಾಲು, ಹೊಂಗೆ ಮರದ ಬುಡ ಮೂರೂ ಬೀಳುತ್ತಿದ್ದವು. ಅಲ್ಲಿ ಏನಾದರೂ ಅಲುಗಾಡಿದರೆ ಫೋಟೋ ಸೀದಾ ಸಾಕಮ್ಮನ ಫೋನಿಗೆ. ಫೋಟೋದ ಕೆಳಗೆ ಎರಡು ಗುಂಡಿ. ಕೆಂಪು ಒತ್ತಿದರೆ ಓಡಿಸು, ಹಸಿರು ಒತ್ತಿದರೆ ಬಿಡು. ಪೆಟ್ಟಿಗೆಯನ್ನು ಆರಿಸಬೇಕೆಂದರೆ ಅದರ ಬೀಗ ತೆಗೆಯಬೇಕು. ಇಷ್ಟು ತೋರಿಸಿ, ಬೀಗದ ಕೈಯನ್ನು ಮನೆಯಲ್ಲಿ ಕೊಟ್ಟು ಸೌಂದರ್ಯ ಮೈಸೂರಿಗೆ ಹೋದಳು.

ಗುರುಸ್ಥಾನಕ್ಕೆ ಮೊದಲು ಕೂತವನು ನಾನು. ಆದರೆ ಅಂಥ ಆಳವಾದ ಕೆಲಸಕ್ಕೆ ಕೂತರೆ ನನಗೆ ಧ್ಯಾನ ಹತ್ತುತ್ತದೆ. ಧ್ಯಾನದಲ್ಲಿ ಹೆಬ್ಬೆರಳು ಹಸಿರಿನ ಮೇಲೇ ಉಳಿದು, ಹರಕಿವಿಯ ಇಡೀ ಸಂಸಾರಕ್ಕೆ ಬಿಡುಗಡೆ ಸಿಕ್ಕಿತು. ಸಾಕಮ್ಮ ಫೋನು ಕಿತ್ತುಕೊಂಡಳು. ಅಂದಿನಿಂದ ಜೋಳ ಮೊಣಕಾಲುದ್ದ ಇದ್ದದ್ದು ಎದೆಯುದ್ದ ಆಗುವ ತನಕ ಅವಳೇ ಒತ್ತಿದಳು. ಮುದ್ದೆ ಕಟ್ಟುವಾಗಲೂ ರಾಗಿ ಹಿಟ್ಟಿನ ಹೆಬ್ಬೆರಳಲ್ಲಿ ಒತ್ತುವುದು, ಹಾಲು ಕರೆಯುವಾಗಲೂ ಒತ್ತುವುದು. ನಾನು ಹತ್ತಿರ ಹೋದರೆ ಫೋನನ್ನು ಆ ಕಡೆ ತಿರುಗಿಸುತ್ತಿದ್ದಳು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಜೋಳ ಹಾಲುಗಟ್ಟುವ ಹೊತ್ತಿಗೆ ಸೌಂದರ್ಯ ವಾಪಸ್ಸು ಬಂದಳು. ಪೆಟ್ಟಿಗೆ ಕಲಿತಿದೆ, ನೂರಕ್ಕೆ ತೊಂಬತ್ತರ ಮೇಲೆ ಸರಿ ಹೇಳುತ್ತಿದೆ ಎಂದಳು. ಉಳಿದದ್ದು ದನಿ. ಹಾರ್ನಿಗೆ ಹುಲಿಯ ಗರ್ಜನೆ ಹಾಕೋಣವೇ ಎಂದು ಕೇಳಿದಳು. ಹುಲಿಯ ಗರ್ಜನೆಗೆ ನಮ್ಮ ಕೋತಿಗಳು ಆಕಳಿಸುತ್ತವೆ ಎಂದೆ. ಕೊನೆಗೆ ಸಾಕಮ್ಮನ ದನಿಯೇ ಆಗಬೇಕೆಂದು ತೀರ್ಮಾನವಾಯಿತು. ಫೋನನ್ನು ಹೊಲದ ಆ ತುದಿಯಲ್ಲಿ ಇಟ್ಟೆವು, ಹತ್ತಿರ ಇಟ್ಟರೆ ಗಾಜು ಉಳಿಯುವುದಿಲ್ಲವೆಂದು. ಸಾಕಮ್ಮ ಸೆರಗು ಬಿಗಿದು, ಉಸಿರೆಳೆದು ಕೂಗಿದಳು:

"ಏಯ್! ಥೂ, ನಿಮ್ ಮೊಕಕ್ ಬೆಂಕಿ ಆಕ! ಯಾರಪ್ಪನ್ ಒಲ ಅಂತ ನುಗ್ತೀರ್ಲಾ? ಬಂದೆ ಇರಿ, ಸೊಂಟ ಮುರೀತೀನಿ!"

ಹೊಂಗೆ ಮರದಲ್ಲಿದ್ದ ಗುಬ್ಬಿಗಳು ಆ ದಿನ ಹೋದವು ಕೇರಳದಲ್ಲಿ ಇಳಿದವೆಂದು ಕೇಳಿದೆ.

ಸೋಮವಾರ ಪರೀಕ್ಷೆ ಶುರುವಾಯಿತು. ಪೆಟ್ಟಿಗೆಯೊಂದೇ ಹೊಲ ಕಾಯಬೇಕು; ಕಾದರೆ ಮುಂದಿನ ವಾರ ಸಾಕಮ್ಮ ಬೇಗೂರಿಗೆ; ಕಾಯದಿದ್ದರೆ ಇಲ್ಲ. ನಾವೆಲ್ಲ ದೂರ ಕೂತು ನೋಡುತ್ತಿದ್ದೆವು. ಮೊದಲು ಬದುವಿನ ಮೇಲೆ ಬಂದದ್ದು ನಮ್ಮ ಹಸು. ಪೆಟ್ಟಿಗೆ ಸುಮ್ಮನಿತ್ತು. ಆಮೇಲೆ ಚನ್ನಬಸವಣ್ಣ ಬಂದ.

"ಏಯ್! ಥೂ, ನಿಮ್ ಮೊಕಕ್ ಬೆಂಕಿ ಆಕ!"

ಚನ್ನಬಸವಣ್ಣ ನಿಂತಲ್ಲೇ ಒಂದು ಮೊಳ ಮೇಲಕ್ಕೆದ್ದ. "ಅಲ್ಲಾ ಕಣ್ಲಾ ತಿಮ್ಮಯ್ಯ, ನಾನೇನ್ ಕ್ವಾತಿನೇನ್ಲಾ?"

ನಾನು ಸಾಕಮ್ಮನ ಮುಖ ನೋಡಿದೆ. ಅವಳು ಇದ್ದಕ್ಕಿದ್ದಂತೆ ಸೆರಗಿನ ಅಂಚಿನ ನೂಲು ಎಣಿಸತೊಡಗಿದಳು. ವಿಷಯ ಏನೆಂದರೆ, ಚನ್ನಬಸವಣ್ಣ ನಮ್ಮ ಬದುವಿನ ಮೇಲೆ ಹೋಗುವಾಗ ಅವನ ಕೈ ತನ್ನಷ್ಟಕ್ಕೆ ತಾನೇ ಒಂದೆರಡು ತೆನೆ ಮುರಿಯುವುದುಂಟು. ಎದುರಿಗೆ ಏನೂ ಅನ್ನದ ಸಾಕಮ್ಮ ಅಷ್ಟೂ ದಿನ ಅವನ ಪ್ರತಿಯೊಂದು ಫೋಟೋಕ್ಕೂ ಕೆಂಪು ಒತ್ತಿದ್ದಳು.

ಹೊಟ್ಟೆ ಹಿಡಿದುಕೊಂಡು ನಕ್ಕು ನಕ್ಕು ಸುಸ್ತಾಗಿ ನಾನು ಹೊಂಗೆ ಮರದ ಕೆಳಗೆ ಒಂದು ಗಳಿಗೆ ಒರಗಿದೆ.

"ಬಂದೆ ಇರಿ, ಸೊಂಟ ಮುರೀತೀನಿ!"

"ಇನ್ನ ವಸಿ ಕಲೀಬೇಕು ಇದು," ಅಂದೆ ಮೈ ಕೊಡವಿಕೊಂಡು ಎದ್ದು.

"ಚೆನ್ನಾಗೇ ಕಲ್ತದೆ ಬುಡಿ," ಅಂದಳು ಸಾಕಮ್ಮ.

ಕೋತಿಗಳ ಕಥೆ ಹೇಳುವುದೇ ಬೇಡ. ಹರಕಿವಿ ಬೇಲಿಗೆ ಕೈಯಿಟ್ಟ, ಹಾರ್ನು ಒದರಿತು, ಅವನು ಸಾಕಮ್ಮ ಎಲ್ಲಿ ಎಂದು ನೋಡಿದ, ಕಾಣಲಿಲ್ಲ. ಕಾಣದ ಸಾಕಮ್ಮ ಕಾಣುವ ಸಾಕಮ್ಮನಿಗಿಂತ ಭಯಂಕರ. ಅವನ ಹಿಂದೆ ಇಡೀ ಗುಂಪು ಓಡಿತು. ಶುಕ್ರವಾರದ ತನಕ ಒಂದೇ ಒಂದು ತೆನೆ ಮುರಿಯಲಿಲ್ಲ. ಸೌಂದರ್ಯ ಖುಷಿಯಿಂದ ತನ್ನೂರಿಗೆ ಹೊರಟಳು. ಸಾಕಮ್ಮ ಅಟ್ಟದಿಂದ ಬ್ಯಾಗು ಇಳಿಸಿದಳು.

ಮಾರನೆಯ ದಿನ ಶನಿವಾರ. ನಮ್ಮ ಮನೆಯಲ್ಲಿ ಶನಿವಾರ ಯಾರೂ ಕೋತಿ ಓಡಿಸುವುದಿಲ್ಲ. ಹನುಮಪ್ಪನ ವಾರ. ಸಾಕಮ್ಮ ಬೆಳಗ್ಗೆ ತಲೆಗೆ ನೀರು ಹಾಕಿಕೊಂಡು, ಕುಂಕುಮ ಬಣ್ಣದ ಸೀರೆ ಉಟ್ಟು ಆಂಜನೇಯನ ಗುಡಿಗೆ ಹೋಗಿ ಬಂದು, ಸೀರೆ ಜಾಲಿಸಿ ಬೇಲಿಯ ಮೇಲೆ ಹರವಿ, ಆಮೇಲೆ ಸೂರ್ಯ ಮುಳುಗುವ ತನಕ ದನಿ ಏರಿಸುವುದಿಲ್ಲ. ವಾರಕ್ಕೊಮ್ಮೆ ನನ್ನ ಕಿವಿಗೆ ರಜೆ. ಕೋತಿಗಳು ಬಂದು ಬೇಲಿಯಂಚಿನ ಸಾಲು ತಿಂದು ಹೋಗುತ್ತವೆ, ನಾವು ಕೈಮುಗಿಯುತ್ತೇವೆ.

ಆದರೆ ಪೆಟ್ಟಿಗೆ? ಅದಕ್ಕೆ ಯಾರು ಹೇಳಬೇಕು? ಪೆಟ್ಟಿಗೆಯನ್ನು ಆರಿಸೋಣವೆಂದು ನಾನು ಹೊಲಕ್ಕೆ ಹೋಗುವಷ್ಟರಲ್ಲಿ ಹರಕಿವಿ ಸಂಸಾರ ಸಮೇತ ಬಂದಾಗಿತ್ತು. ಒಂದು ಮರಿಯಂತೂ ಕಂಬ ಹತ್ತಿ ಕ್ಯಾಮೆರಾದ ಕಣ್ಣಿಗೆ ಕಣ್ಣಿಟ್ಟು ನೋಡುತ್ತಿತ್ತು. ಪೆಟ್ಟಿಗೆ ತುಟಿಪಿಟಕ್ ಅನ್ನಲಿಲ್ಲ. ಚನ್ನಬಸವಣ್ಣ ಹೆದರುತ್ತ ಹೆದರುತ್ತ ಬದು ದಾಟಿದ. ಅವನಿಗೂ ಏನೂ ಅನ್ನಲಿಲ್ಲ.

"ನೋಡ್ಲಾ," ಅಂದೆ, "ನಮ್ ಪೆಟ್ಗೆ ಶನಿವಾರ ಮಾಡ್ತದೆ!"

ನಾನು ಒಬ್ಬನಿಗೆ ಹೇಳಿದ್ದು. ಮಧ್ಯಾಹ್ನದ ಹೊತ್ತಿಗೆ ಗಾವಡಗೆರೆ ಸುತ್ತಿನ ಹಳ್ಳಿಗಳೆಲ್ಲ ನಮ್ಮ ಹೊಲದಲ್ಲಿದ್ದವು. ಒಬ್ಬರು ಪೆಟ್ಟಿಗೆಗೆ ಕುಂಕುಮ ಇಟ್ಟರು, ಒಬ್ಬರು ಹಾರ್ನಿಗೆ ಸೇವಂತಿಗೆ ಹಾರ ಹಾಕಿದರು. ಪೆಟ್ಟಿಗೆ ಹುಟ್ಟಿದ ನಕ್ಷತ್ರ ಯಾವುದೆಂದು ಕೇಳಿದವರಿಗೂ ನಾನು ಬಾಯಿಗೆ ಬಂದ ಒಂದು ನಕ್ಷತ್ರ ಹೇಳಿದೆ. ಸಂಜೆ ಸೌಂದರ್ಯಳಿಗೆ ಫೋನು ಮಾಡಿ ಈ ಮಹಿಮೆಯನ್ನೆಲ್ಲ ವರ್ಣಿಸಿದೆ.

"ಮಾವ, ಅದಕ್ಕೆ ವಾರ ಗೊತ್ತಿಲ್ಲ. ಅದರೊಳಗೆ ಕ್ಯಾಲೆಂಡರೇ ಇಲ್ಲ."

"ಭಕ್ತಿಗೆ ಕ್ಯಾಲೆಂಡರ್ ಯಾಕವ್ವ?"

"ಅತ್ತೆ ಶನಿವಾರ ಕೋತಿ ಫೋಟೋ ಬಂದ್ರೆ ಯಾವ ಗುಂಡಿ ಒತ್ತುತಿದ್ರು?"

"ಅಸ್ರು. ಶನಿವಾರ ಕೆಂಪು ಒತ್ತಾಕಾಯ್ತದಾ? ಚನ್ನಬಸವಣ್ಣಂಗೂ ಅವತ್ತು ಮಾಫಿ."

"ಮಾವ! ನನಗೆ ಹೇಳ್ಲೇ ಇಲ್ವಲ್ಲ!"

"ಏಳೋದೇನೈತೆ ಅದ್ರಲ್ಲಿ?" ನನಗೆ ನಿಜವಾಗಿ ಆಶ್ಚರ್ಯವಾಯಿತು. ಊಟ ಬಾಯಿಂದ ಮಾಡುತ್ತೇವೆ ಎಂದು ಯಾರಾದರೂ ಹೇಳಿಕೊಂಡು ತಿರುಗುತ್ತಾರೆಯೇ?

"ಅದು ಏನನ್ನೋ ನೋಡಿ ಶನಿವಾರ ಅಂತ ಕಂಡುಹಿಡಿದಿದೆ ಮಾವ. ಏನನ್ನ ಅಂತ ಗೊತ್ತಾಗಬೇಕು. ಬುಧವಾರ ಬರ್ತೀನಿ," ಎಂದು ಫೋನಿಟ್ಟಳು. ಪಾಪ, ಓದಿದ ಹುಡುಗಿ, ಸುಮ್ಮನೆ ಚಿಂತೆ ಮಾಡುತ್ತಾಳೆ ಅಂದುಕೊಂಡೆ.

ಭಾನುವಾರ, ಸೋಮವಾರ, ಮಂಗಳವಾರ ಪೆಟ್ಟಿಗೆ ಮತ್ತೆ ಸಿಂಹ. ಸಾಕಮ್ಮನಿಗೆ ನಂಬಿಕೆ ಬಂತು. ಬುಧವಾರದ ಬಸ್ಸಿಗೆ ಹೊರಡುವುದೆಂದಾಯಿತು. ಭಾಗ್ಯಳಿಗೆ ಆ ವಾರವೇ ದಿನ ಕೊಟ್ಟಿದ್ದರು. ಕೊಬ್ಬರಿ, ಬೆಲ್ಲ, ಅಂಟು, ಬೆಳ್ಳುಳ್ಳಿ, ಮೆಣಸು, ಮಗುವಿಗೆ ಹಳೇ ಪಂಚೆಯ ಮೆತ್ತನೆ ಬಟ್ಟೆ, ಎಲ್ಲ ಬ್ಯಾಗು ಸೇರಿತು. ಬೆಳಗ್ಗೆ ಎದ್ದು, ಮಗುವಿನ ತೊಟ್ಟಿಲು ಶಾಸ್ತ್ರಕ್ಕೆ ಉಡಲು ಇರಲಿ ಎಂದು ಕುಂಕುಮ ಬಣ್ಣದ ಸೀರೆಯನ್ನೂ ಜಾಲಿಸಿ ಬೇಲಿಯ ಮೇಲೆ ಹರವಿದಳು.

ಬ್ಯಾಗು ಹಿಡಿದು ಹೊಲದ ಹಾದಿಯಲ್ಲೇ ಹೊರಟೆವು. ಒಣಗಿದ್ದರೆ ಸೀರೆ ತೆಗೆದುಕೊಂಡು ಹೋಗೋಣವೆಂದು. ಹೋಗಿ ನೋಡಿದರೆ ಜೋಳದ ಸಾಲಿನಲ್ಲಿ ಬಾಲಗಳೇ ಬಾಲಗಳು! ನಮ್ಮ ಕೋತಿಗಳಷ್ಟೇ ಅಲ್ಲ, ಪಿರಿಯಾಪಟ್ಟಣದಿಂದ ನೆಂಟರನ್ನೂ ಕರೆಸಿಕೊಂಡಿದ್ದವು ಅನ್ನಿಸುತ್ತದೆ. ಸಿಪ್ಪೆ ಸುಲಿಯುವ ಸದ್ದು ಮಳೆಯ ಹಾಗೆ ಕೇಳುತ್ತಿತ್ತು. ಪೆಟ್ಟಿಗೆ ಹಾರ ಹಾಕಿಕೊಂಡು ಮದುಮಗನ ಹಾಗೆ ಸುಮ್ಮನೆ ನಿಂತಿತ್ತು.

"ಇವತ್ ಬುಧವಾರ ಕಣ್ಲಾ ಪೆಟ್ಗೆ!" ಎಂದು ನಾನು ಅದಕ್ಕೆ ನೆನಪು ಮಾಡಿದೆ. ಕೇಳಲಿಲ್ಲ.

ಸಾಕಮ್ಮ ಬ್ಯಾಗು ಬಿಸಾಡಿ ಒಂದೇ ಒಂದು ಕೂಗು ಹಾಕಿದಳು. ಹೊಲ ಖಾಲಿಯಾಯಿತು. ಆದರೆ ಅವಳು ಬದುವಿನ ಮೇಲೆ ಕುಸಿದು ಕೂತಳು. "ನಾ ಓಗಾಕಿಲ್ಲ. ನಾ ಅತ್ಲಗೆ ತಿರುಗಿದ್ರೆ ಇತ್ಲಗೆ ಒಲ ಇರಾಕಿಲ್ಲ."

ಅದೇ ಹೊತ್ತಿಗೆ ಫೋನು. ಭಾಗ್ಯ. "ಅವ್ವ, ಬಸ್ ಅತ್ತುದ್ಯಾ? ನಂಗ್ಯಾಕೋ ಬೆಳಗಿಂದ ಸೊಂಟ ಇಡ್ಕಂಡಂಗೆ ಆಯ್ತದೆ."

ಪಿರಿಯಾಪಟ್ಟಣ ನಡುಗಿಸುವ ಗಂಟಲಿನಿಂದ ದನಿಯೇ ಹೊರಡಲಿಲ್ಲ. "ಬತ್ತೀನಿ ಕಣವ್ವ," ಅಂದದ್ದು ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಲಿಲ್ಲ. ಮದುವೆಯಾದಂದಿನಿಂದ ಅವಳ ದನಿ ನನಗೆ ಕೇಳಿಸದೇ ಹೋದದ್ದು ಅದೇ ಮೊದಲು. ನಾನು ಹೆದರಿದೆ.

ಸೌಂದರ್ಯ ರಸ್ತೆಯ ಕಡೆಯಿಂದ ಓಡಿ ಬಂದಳು. ವಿಷಯ ಕೇಳಿ, ಬದುವಿನ ಮೇಲೇ ಕೂತು ಲ್ಯಾಪ್‌ಟಾಪ್ ತೆಗೆದಳು. "ಪೆಟ್ಟಿಗೆ ಫೋಟೋದಲ್ಲಿ ಯಾವ ಜಾಗ ನೋಡಿ ತೀರ್ಮಾನ ಮಾಡಿದೆ ಅಂತ ಬಣ್ಣದಲ್ಲಿ ತೋರಿಸುತ್ತೆ. ಹೆಚ್ಚು ನೋಡಿದ ಜಾಗ ಕೆಂಡದ ಹಾಗೆ ಕಾಣುತ್ತೆ."

ನಾವೆಲ್ಲ ಬಗ್ಗಿ ನೋಡಿದೆವು. ಆ ಬೆಳಗಿನ ಫೋಟೋದಲ್ಲಿ ಕೋತಿಗಳೆಲ್ಲ ಮಸಿಯಂತೆ ಕಪ್ಪಗಿದ್ದವು. ಹರಕಿವಿ ಎರಡು ಕೈಯಲ್ಲಿ ಎರಡು ತೆನೆ ಹಿಡಿದು ನಿಂತಿದ್ದರೂ ಪೆಟ್ಟಿಗೆ ಅವನ ಕಡೆ ಕಣ್ಣೂ ಹಾಯಿಸಿರಲಿಲ್ಲ. ಬೇಲಿ ಮಾತ್ರ ಧಗಧಗ ಉರಿಯುತ್ತಿತ್ತು. ಬೇಲಿಯ ಮೇಲೆ ಸಾಕಮ್ಮನ ಸೀರೆ.

"ಅತ್ತೆ, ಈ ಸೀರೆ ಶನಿವಾರ ಮಾತ್ರ ಇಲ್ಲಿ ಒಣಗೋದಾ?"

"ಊಂ. ಯಾಕವ್ವ?"

ಸೌಂದರ್ಯ ಹಣೆ ಹಣೆ ಬಡಿದುಕೊಂಡಳು. "ಸೀರೆ ಇದ್ದ ಫೋಟೋಕ್ಕೆಲ್ಲ ನೀವು ಹಸಿರು ಒತ್ತಿದ್ದೀರ. ಅದು ಹನುಮಪ್ಪನ್ನ ಕಲೀಲಿಲ್ಲ ಅತ್ತೆ, ನಿಮ್ಮ ಸೀರೆ ಕಲೀತು. ತಪ್ಪು ನಂದೇ, ಎಷ್ಟು ಸರಿ ಅಂತ ನೋಡಿದ್ನೇ ಹೊರತು ಯಾಕೆ ಸರಿ ಅಂತ ನೋಡ್ಲಿಲ್ಲ."

"ಸೀರೆ ನೋಡ್ಕಂಡು ಸುಮ್ಕಾಗಾಕೆ ಅದೇನು ಗಂಡಸಾ?" ಅಂದ ಅಷ್ಟರಲ್ಲಿ ಬಂದು ಸೇರಿದ್ದ ಚನ್ನಬಸವಣ್ಣ.

ಬಾಯಿಬಿಟ್ಟವನನ್ನೇ ಪರೀಕ್ಷೆಗೆ ಹಿಡಿದೆ. ಸೀರೆ ತೆಗೆದು ಸಾಕಮ್ಮನ ಕೈಗೆ ಕೊಟ್ಟು, ಅವನನ್ನು ಕ್ಯಾಮೆರಾದ ಮುಂದೆ ನಿಲ್ಲಿಸಿದೆ. "ಏಯ್! ಥೂ, ನಿಮ್ ಮೊಕಕ್..." ಸೀರೆಯನ್ನು ಅವನ ಹೆಗಲಿಗೆ ಹೊದಿಸಿದೆ. ಮೌನ. ತೆಗೆದೆ. "ಬೆಂಕಿ ಆಕ!" ಹೊದಿಸಿದೆ. ಮೌನ. ಚನ್ನಬಸವಣ್ಣ ಸೆರಗನ್ನು ಸರಿಯಾಗಿ ಎಳೆದುಕೊಂಡು, ಅಷ್ಟೂ ದಿನದಲ್ಲಿ ಮೊದಲ ಸಲ ನಮ್ಮ ಬದುವಿನ ಮೇಲೆ ಮರ್ಯಾದೆಯಿಂದ ಅತ್ತಿಂದಿತ್ತ ನಡೆದಾಡಿದ. "ಇದು ನನ್ ತಾವೇ ಇರ್ಲಿ ಕಣಕ್ಕ," ಎಂದು ಸಾಕಮ್ಮನನ್ನು ಬೇಡಿಕೊಂಡ.

"ಮತ್ತೆ ಕಲಿಸಬೇಕು ಅತ್ತೆ," ಅಂದಳು ಸೌಂದರ್ಯ ಸಣ್ಣ ಮುಖ ಮಾಡಿ. "ಶನಿವಾರದ ಫೋಟೋ ಎಲ್ಲ ಬೇರೆ ಮಾಡಿ, ಮೊದಲಿಂದ. ಸ್ವಲ್ಪ ದಿನ ಹಿಡಿಯುತ್ತೆ."

ರಸ್ತೆಯಲ್ಲಿ ಹುಣಸೂರಿನ ಬಸ್ಸು ಹಾರ್ನು ಹೊಡೆಯಿತು. ಸಾಕಮ್ಮ ಒಮ್ಮೆ ಬಸ್ಸಿನ ಕಡೆ ನೋಡಿದಳು, ಒಮ್ಮೆ ಜೋಳದ ಕಡೆ, ಒಮ್ಮೆ ಸೀರೆ ಹೊದ್ದು ನಿಂತ ಚನ್ನಬಸವಣ್ಣನ ಕಡೆ. ಎದ್ದಳು. ಅವನ ಹೆಗಲಿನಿಂದ ಸೀರೆ ಕಿತ್ತು, ಒದ್ದೆ ಒದ್ದೆಯಾಗಿಯೇ ಮುದ್ದೆ ಮಾಡಿ ಬ್ಯಾಗಿಗೆ ತುರುಕಿದಳು.

"ಸೀರೆ ನನ್ ಜೊತೆ ಬತ್ತದೆ. ಇನ್ ಬಡ್ಕಳ್ಳಿ ಅದು."

"ಅತ್ತೆ, ಅದು ಸರಿಯಾದ ಪರಿಹಾರ ಅಲ್ಲ..."

"ಬಸ್ಸಿಗೆ ಸರ್ಯಾಗಿ ಆಯ್ತದೆ ಬುಡವ್ವ." ಪೆಟ್ಟಿಗೆಯ ಬೀಗದ ಕೈಯನ್ನು ಸೊಂಟದ ಚೀಲಕ್ಕೆ ಸೇರಿಸಿ ಅವಳು ಓಡಿದ ಓಟಕ್ಕೆ ಬಸ್ಸೇ ಒಂದು ಹೆಜ್ಜೆ ಹಿಂದಕ್ಕೆ ಬಂದು ಹತ್ತಿಸಿಕೊಂಡಿತು.

ಶುಕ್ರವಾರ ಭಾಗ್ಯಳಿಗೆ ಹೆಣ್ಣುಮಗು ಹುಟ್ಟಿತು. ಸಾಕಮ್ಮ ಪಕ್ಕದಲ್ಲಿದ್ದಳು. ಇಲ್ಲಿ ಪೆಟ್ಟಿಗೆ ಹೊಲ ಕಾಯುತ್ತಿತ್ತು, ಅದರ ಜೊತೆಗೆ ನನ್ನನ್ನೂ ಕಾಯುತ್ತಿತ್ತು. ಹೊಂಗೆ ಮರದ ಕೆಳಗೆ ಕೂತರೆ ಸುಮ್ಮನಿರುತ್ತದೆ, ಬೆನ್ನು ನೆಲಕ್ಕೆ ತಾಗಿದರೆ ಸೊಂಟ ಮುರಿಯುತ್ತೇನೆ ಅನ್ನುತ್ತದೆ. ಹಗಲು ನಿದ್ದೆಯಿಲ್ಲದೆ ನಾನು ಆನೆಯಷ್ಟಿದ್ದವನು ಇಲಿಯಷ್ಟಾದೆ.

ಆಮೇಲೆ ಶನಿವಾರ ಬಂತು. ಸೀರೆ ಬೇಗೂರಿನಲ್ಲಿ. ಬೆಳಗ್ಗೆಯಿಂದಲೇ ಪೆಟ್ಟಿಗೆ ಹನುಮಪ್ಪನ ಮುಖಕ್ಕೆ ಬೆಂಕಿ ಹಾಕತೊಡಗಿತು. ಕಳೆದ ವಾರ ಕುಂಕುಮ ಇಟ್ಟವರೇ ಬಂದು, "ಅಪಚಾರ ಕಣಪ್ಪ ತಿಮ್ಮಯ್ಯ, ಆರ್ಸು ಅದನ್ನ" ಅಂದರು. ಆರಿಸಲು ಬೀಗದ ಕೈ ಎಲ್ಲಿದೆ? ಸಾಕಮ್ಮನಿಗೆ ಫೋನು ಮಾಡಿದೆ.

ನಾನು ಬಾಯಿ ತೆರೆಯುವ ಮೊದಲೇ ಆ ಕಡೆಯಿಂದ ಸಣ್ಣ, ಚೂಪಾದ ಪ್ರಶ್ನೆ ಬಂತು. "ಯಾರದು?"

"ನಾನೇ ಕಣೇ."

"ನೀವಲ್ಲ. ಹಿಂದ್ಗಡೆ. ನನ್ ಒಲದಾಗೆ ಅಂಗೆ ಬಾಯ್ ಬಡ್ಕತಿರೋಳು ಯಾವಳು? ನಾನಿಲ್ದಿದ್ದುದ್ ನೋಡ್ಕಂಡು ಯಾರ್ನ ತಂದು ಕೂರುಸ್ಕಂಡ್ರಿ?"

"ಸಾಕೀ, ಅದು ನೀನೇ ಕಣೇ! ಪೆಟ್ಗೆ!"

"ಸುಳ್ಳು. ನನ್ ಗಂಟ್ಲು ಅಂಗಾ ಇರೋದು? ತಗಡು ಹರ್ದಂಗೆ? ನಾಳಿಕೆ ಮೊದಲ್ನೇ ಬಸ್ಸಿಗೇ ಬತ್ತೀನಿ ಇರಿ."

ಎರಡು ತಿಂಗಳ ಬಾಣಂತನ ಎರಡು ದಿನಕ್ಕೆ ಮುಗಿಯುವ ಲಕ್ಷಣ ಕಂಡು ನಾನು ಫೋನನ್ನು ಹಾರ್ನಿನ ಬಾಯಿಗೇ ಹಿಡಿದೆ. ಹರಕಿವಿ ಸಮಯಕ್ಕೆ ಸರಿಯಾಗಿ ಬೇಲಿ ಮುಟ್ಟಿ ಉಪಕಾರ ಮಾಡಿದ. ಪೂರ್ತಿ ಬೈಗುಳ, ಮೊಕದಿಂದ ಸೊಂಟದವರೆಗೆ, ಬೇಗೂರಿಗೆ ಹೋಯಿತು.

"ಅದು ನಾನೇಯ," ಅಂದಳು ಕೊನೆಗೆ, ಮೆಲ್ಲಗೆ. "ಇದುನ್ನ ಕೇಳ್ಕಂಡು ಇಷ್ಟ್ ವರ್ಸ ಅದ್ಯಾಂಗ್ ನಿದ್ದೆ ಮಾಡುದ್ರಿ ನೀವು?"

ನನ್ನ ಆಯಸ್ಸಿನಲ್ಲಿ ಯಾವುದನ್ನೂ ಹಿಗ್ಗಿಸದೆ ಹೇಳಿದ್ದು ಅದೊಂದೇ ಇರಬೇಕು. "ಅದು ಕೇಳುಸ್ತಾ ಇದ್ರೆ ನೀನು ಒಲದಾಗಿದ್ದೀಯ ಅಂತ ಧೈರ್ಯ. ಅದ್ಕೇ ನಿದ್ದೆ ಬತ್ತಿತ್ತು."

ಅವಳು ಮೂಗೇರಿಸಿದ ಸದ್ದು ಕೇಳಿಸಿತು. ಆಮೇಲೆ ಎಂದಿನ ಸಾಕಮ್ಮ: "ಸರಿ, ಎರಡ್ ತಿಂಗ್ಳು ಆ ಪೆಟ್ಗೆ ಜೊತೇನೇ ಬಾಳಾಟ ಮಾಡಿ. ಇವತ್ತು ಅದ್ರ ಕಣ್ಣಿಗೆ ನಿಮ್ ಟವಲ್ ಕಟ್ಟಿ, ಹನುಮಪ್ಪ ತಿನ್ಲಿ. ಬೇರೆ ದಿನ ಕಟ್ಟುದ್ರೆ ನಂಗೆ ಗೊತ್ತಾಯ್ತದೆ, ಫೋಟೋ ಬರೋದು ನನ್ ಫೋನಿಗೇ."

ಟವಲು ಕಟ್ಟಿದೆ. ಪೆಟ್ಟಿಗೆ ಸುಮ್ಮನಾಯಿತು. ಕೋತಿಗಳು ಬೇಲಿಯಂಚಿಗೆ ಬಂದು ಕೂತು ನೆಮ್ಮದಿಯಾಗಿ ತಮ್ಮ ಪಾಲು ಸುಲಿಯತೊಡಗಿದವು. ನಾನೂ ಬಹಳ ದಿನದ ಮೇಲೆ ಹೊಂಗೆ ಮರಕ್ಕೆ ಬೆನ್ನು ಕೊಟ್ಟೆ. ಫೋನು ಇನ್ನೂ ಕೈಯಲ್ಲೇ ಇತ್ತು, ಇಟ್ಟಿರಲಿಲ್ಲ. ಅಷ್ಟರಲ್ಲಿ ಬೇಗೂರಿನಲ್ಲಿ ಮೊಮ್ಮಗಳಿಗೆ ಎಚ್ಚರವಾಯಿತು. ಹುಟ್ಟಿ ಒಂದು ದಿನದ ಕೂಸು, ಹಾಲಿಗೆಂದು ಒಮ್ಮೆ ಬಾಯಿ ತೆರೆಯಿತು ನೋಡಿ. ನಂಬಿದರೆ ನಂಬಿ, ಬಿಟ್ಟರೆ ಬಿಡಿ: ಹರಕಿವಿ ಕೈಯಲ್ಲಿದ್ದ ತೆನೆಯನ್ನು ಅಲ್ಲೇ ಬಿಟ್ಟು, ಶನಿವಾರ ಅನ್ನುವುದನ್ನೂ ಮರೆತು, ಸಂಸಾರ ಸಮೇತ ಓಡಿದ.